ಕಳಚುವ ಮುಖ: ಚಲಚ್ಚಿತ್ರದ ಯಂತ್ರಪುರುಷನೂ ಅವನ ಗೊಂಬೆಯೂ

ಚಲಚ್ಚಿತ್ರದ ಯಂತ್ರಪುರುಷರನ್ನು ಕಿರಿದುಗೊಳಿಸಿ, ಗೊಂಬೆಗಳಾಗಿ ಎರಕ ಹೊಯ್ದು ಮಾರುವ ಉದ್ಯಮ ಇಂದು ಲೋಕದಲ್ಲೆಲ್ಲ ಹಬ್ಬಿದೆ. ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ಟಿನ ಆಟಿಕೆಯಂಗಡಿಗಳೂ ಅದಕ್ಕೆ ಹೊರತಲ್ಲ. ಈ ಗೊಂಬೆಗಳಲ್ಲಿ ಒಂದು ವರ್ಗದವಕ್ಕೆ ಮುಖವು ತಲೆಗೆ ಬೆಸೆದುಕೊಂಡಿರುವುದಿಲ್ಲ. ಉಗುರಿನಿಂದ ಅಂಚನ್ನು ಎಬ್ಬಿಸಿದರೆ ಅದು ಕಳಚಿ ಕೈಗೆ ಬರುತ್ತದೆ. ಅದರ ಹಿಂದೆ ಲೋಹದ ತಲೆಬುರುಡೆಯೋ ಇನ್ನೊಂದು ಮುಖವೋ ಬರಿಯ ಟೊಳ್ಳೋ ಇರುತ್ತದೆ. ಮುಖವು ಹೀಗೆ ಕಳಚುವಂತೆ ಮಾಡಬೇಕೆ, ಮಾಡಿದರೆ ಅದರ ಹಿಂದೆ ಏನನ್ನಿಡಬೇಕು ಎಂಬುದು ಗೊಂಬೆಯನ್ನು ರೂಪಿಸುವವನು ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದ ಸಂಗತಿ. ಇದನ್ನು ಮಕ್ಕಳ ವಿಷಯವೆಂದು ತಳ್ಳಿಹಾಕುವಂತಿಲ್ಲ. ಪ್ರತಿಮೆಯ ಮುಖವನ್ನು ಪ್ರತಿಮೆಯಿಂದ ಬೇರ್ಪಡಿಸಿ ಆಲೋಚಿಸುವ ಅಭ್ಯಾಸ ಈ ದೇಶಕ್ಕೆ ಬಹು ಹಳೆಯದು. ಆ ಅಭ್ಯಾಸವನ್ನು ಒರೆಗಲ್ಲಾಗಿಟ್ಟುಕೊಂಡು ನೋಡಿದರೆ, ಮುಂಬಯಿಯ ಚಿತ್ರೋದ್ಯಮವು ತನ್ನ ಯಂತ್ರಪುರುಷರ ಮುಖವನ್ನು ಕುರಿತು ಎಷ್ಟು ಕಡಮೆ ಚಿಂತಿಸಿದೆಯೆಂಬುದು ಎದ್ದು ಕಾಣುತ್ತದೆ.

ಭಾದ್ರಪದ ಮಾಸದಲ್ಲಿ ದಾದರಿನ ಪೇಟೆಯಲ್ಲಿ ಗೌರಿಯ ಮುಖವಾಡಗಳು ಮಾರಾಟಕ್ಕೆ ಬರುತ್ತವೆ. ಹಿತ್ತಾಳೆಯವು, ಮಣ್ಣಿನವು, ಪ್ಲಾಸ್ಟರಿನವು. ಸಾಲಾಗಿ ಇರಿಸಿದ ಮೈಯಿಲ್ಲದ ಮುಖಗಳು. ಮಹಾರಾಷ್ಟ್ರದ ಮನೆಗಳಲ್ಲಿ ಗೌರಿಯನ್ನು ಅನುರಾಧಾ ನಕ್ಷತ್ರದಲ್ಲಿ ಬರಮಾಡಿಕೊಂಡು, ಜ್ಯೇಷ್ಠಾ ನಕ್ಷತ್ರದಲ್ಲಿ ಪೂಜಿಸಿ, ಮೂಲಾ ನಕ್ಷತ್ರದಲ್ಲಿ ಬೀಳ್ಕೊಡುತ್ತಾರೆ. ಅನೇಕ ಮನೆಗಳಲ್ಲಿ ದೇವಿಯ ಮೈಯೆಂಬುದು ಒಂದು ಕಬ್ಬಿಣದ ಅಥವಾ ಮರದ ನಿಲುವು, ಅದಕ್ಕೆ ಉಡಿಸಿದ ಸೀರೆ. ಶಿಲ್ಪಿಯ ಕೈ ನಿಜವಾಗಿ ಮುಟ್ಟಿದ್ದು ಮುಖವನ್ನು ಮಾತ್ರ. ಕನ್ನಡಿಗರ ಮನೆಯ ವರಮಹಾಲಕ್ಷ್ಮಿಯಲ್ಲಿಯೂ ಇದೇ ಕ್ರಮ. ಕಲಶದ ಮೇಲಿನ ತೆಂಗಿನಕಾಯಿಗೆ ಬೆಳ್ಳಿಯ ಮುಖವನ್ನು ಕಟ್ಟಿದೊಡನೆ ಕಲಶವು ದೇವಿಯಾಗುತ್ತದೆ. ಮಾಟುಂಗದ ಮಹಡಿಮನೆಯಲ್ಲಾಗಲಿ ಮೈಸೂರಿನ ತೊಟ್ಟಿಯ ಮನೆಯಲ್ಲಾಗಲಿ ಅದರಲ್ಲಿ ವ್ಯತ್ಯಾಸವಿಲ್ಲ. ಮುಖದ ಹಿಂದೆ ಇರುವುದು ತೆಂಗಿನಕಾಯಿಯೆಂಬುದು ಮನೆಯ ಮಗುವಿಗೂ ಗೊತ್ತು. ಗೊತ್ತಿದ್ದರೂ ಭಕ್ತಿಗೆ ಭಂಗವಿಲ್ಲ. ಏಕೆಂದರೆ ಕಟ್ಟುವುದೂ ಬಿಚ್ಚುವುದೂ ಕಣ್ಣಮುಂದೆಯೇ ನಡೆಯುತ್ತವೆ, ಯಾರೂ ಯಾರನ್ನೂ ವಂಚಿಸುತ್ತಿಲ್ಲ. ವಿಶೇಷ ದಿನಗಳಲ್ಲಿ ಶಿವಲಿಂಗಕ್ಕೆ ತೊಡಿಸುವ ಬೆಳ್ಳಿಯ ಮುಖದ ರೀತಿ ಮತ್ತೊಂದು. ಅಲ್ಲಿ ಮುಖವನ್ನು ತೆಗೆದಾಗ ಉಳಿಯುವ ಕಲ್ಲೇ ಹಿರಿದು, ಮುಖವು ಅದಕ್ಕೆ ಮಾಡಿದ ಉಪಚಾರ.

ಇವೆಲ್ಲಕ್ಕಿಂತ ಗೊಂಬೆಯ ಪ್ರಶ್ನೆಗೆ ಹತ್ತಿರವಾದುದು ತುಳುನಾಡಿನ ಭೂತದ ಮೊಗ. ಮುಂಬಯಿಯ ಕನ್ನಡಿಗರಲ್ಲಿ ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಬಂದವರ ಸಂಖ್ಯೆ ದೊಡ್ಡದು. ಅವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಕೋಲದಲ್ಲಿ ಪಾತ್ರಿಯು ಮೊದಲು ಅರದಾಳ ಮೊದಲಾದ ಬಣ್ಣಗಳಿಂದ ಮುಖವನ್ನು ಬರೆದುಕೊಳ್ಳುತ್ತಾನೆ. ಲೋಹದ ಮೊಗ ಬರುವುದು ಆಮೇಲೆ. ಅದನ್ನು ಮುಖದ ಮುಂದೆ ಹಿಡಿಯುವುದೂ ಉಂಟು, ತಲೆಯ ಮೇಲಕ್ಕೆ ಏರಿಸಿ ಕಟ್ಟುವುದೂ ಉಂಟು. ಪಂಜುರ್ಲಿಯ ಹಂದಿಮೊಗ ಸರಿದಾಗ ಕೆಳಗೆ ಕಾಣುವುದು ಊರಿನ ಪರಿಚಿತ ಮನುಷ್ಯನ ಮುಖವಲ್ಲ; ಬಣ್ಣ ಬಳಿದ, ಈಗಾಗಲೇ ಬೇರೆಯಾಗಿರುವ ಇನ್ನೊಂದು ಮುಖ. ಮೊಗವನ್ನು ಕಂಡಾಗ ಹುಟ್ಟಿದ ಭಯ ಮೊಗ ಸರಿದಾಗ ಇಳಿಯುವುದಿಲ್ಲ, ಬಗೆ ಬದಲಿಸುತ್ತದೆ. ಕಳಚುವ ಮುಖದ ಶಿಲ್ಪಕ್ಕೆ ಇದರಿಂದ ದೊರೆಯುವ ಸೂತ್ರ ಸರಳವಾದುದು: ಮೊದಲು ರೂಪಿಸಬೇಕಾದುದು ಕೆಳಗಿನ ಮುಖ. ಅದು ತಾನಾಗಿ ನಿಲ್ಲಬಲ್ಲುದಾದರೆ ಮಾತ್ರ ಮೇಲಿನದನ್ನು ಕಳಚಬಹುದು. ಇಲ್ಲವಾದರೆ ಕಳಚದಿರುವುದೇ ಲೇಸು.

ಸೂತ್ರ ಸರಳವಾದರೂ ಪ್ಲಾಸ್ಟಿಕ್ಕಿನಲ್ಲಿ ಅದನ್ನು ನೆರವೇರಿಸುವುದು ಕಷ್ಟ. ಕಷ್ಟವೆಲ್ಲ ಪ್ರಮಾಣದ್ದು. ಆರರಲ್ಲೊಂದು ಪ್ರಮಾಣದ ಗೊಂಬೆ ಸುಮಾರು ೩೦ ಸೆಂಟಿಮೀಟರ್ ಎತ್ತರವಿರುತ್ತದೆ. ಮನುಷ್ಯನ ತಲೆಯ ಅಗಲವನ್ನು ೧೫ ಸೆಂಟಿಮೀಟರೆಂದು ಹಿಡಿದರೆ ಆ ಗೊಂಬೆಯ ತಲೆ ೨೫ ಮಿಲಿಮೀಟರ್ ಅಗಲವಾಗುತ್ತದೆ. ಅದರ ಮೇಲೆ ಕೂರಿಸುವ ಮುಖದ ಚಿಪ್ಪು ಒಂದು ಮಿಲಿಮೀಟರ್ ದಪ್ಪವಿದ್ದರೂ ನಿಜಜೀವನದ ಲೆಕ್ಕದಲ್ಲಿ ಅದು ಆರು ಮಿಲಿಮೀಟರಿನ ಚರ್ಮ, ಹೇಗೋ ಸಹಿಸಬಹುದು. ಆದರೆ ಹೆಚ್ಚು ಮಾರಾಟವಾಗುವ, ಮೂರೂಮುಕ್ಕಾಲು ಅಂಗುಲದ, ಹದಿನೆಂಟರಲ್ಲೊಂದು ಪ್ರಮಾಣದ ಗೊಂಬೆಯಲ್ಲಿ ತಲೆಯ ಅಗಲವೇ ಎಂಟು ಮಿಲಿಮೀಟರಿನ ಸುತ್ತಮುತ್ತ. ಅದೇ ಒಂದು ಮಿಲಿಮೀಟರಿನ ಚಿಪ್ಪು ಅಲ್ಲಿ ಹದಿನೆಂಟು ಮಿಲಿಮೀಟರಿನ ಗೋಡೆಯಾಗುತ್ತದೆ. ಎಡಕ್ಕೊಂದು ಬಲಕ್ಕೊಂದು ಗೋಡೆ ಕಳೆದರೆ ಒಳಗಿನ ಬುರುಡೆಗೆ ಉಳಿಯುವುದು ಆರು ಮಿಲಿಮೀಟರು. ಚಿಪ್ಪನ್ನು ಇನ್ನೂ ತೆಳುವಾಗಿಸೋಣವೆಂದರೆ ಅದು ಮಗುವಿನ ಕೈಯಲ್ಲಿ ಬಾಳದು. ಆದ್ದರಿಂದ ಶಿಲ್ಪಿಯು ಒಂದೋ ತಲೆಯನ್ನು ಊದಿಸಬೇಕು, ಅಥವಾ ಒಳಗಿನ ಮುಖವನ್ನು ಕುಗ್ಗಿಸಬೇಕು. ಮೊದಲಿನದರಲ್ಲಿ ಗೊಂಬೆಗೆ ಮುಖ ತೊಡಿಸಿದಾಗ ಅಂದಗೇಡು, ಎರಡನೆಯದರಲ್ಲಿ ತೆಗೆದಾಗ.

ಈ ಇಕ್ಕಟ್ಟಿನಿಂದ ಪಾರಾಗಲು ಕಂಡುಕೊಂಡ ಉಪಾಯಗಳು ಗಮನಾರ್ಹವಾಗಿವೆ. ಅಮೆರಿಕದಲ್ಲಿ ೧೯೮೩ರಲ್ಲಿ ಬಂದ ಮ್ಯಾನ್-ಇ-ಫೇಸಸ್ ಎಂಬ ಗೊಂಬೆ ಚಲಚ್ಚಿತ್ರದ್ದಲ್ಲವಾದರೂ ಉದಾಹರಣೆಗೆ ಒಪ್ಪುತ್ತದೆ. ಅದರ ತಲೆಯೊಳಗೆ ಒಂದು ಉರುಳೆ. ಉರುಳೆಯ ಮೂರು ಮಗ್ಗುಲುಗಳಲ್ಲಿ ಮನುಷ್ಯ, ಯಂತ್ರ, ರಾಕ್ಷಸ ಎಂಬ ಮೂರು ಮುಖಗಳು. ನೆತ್ತಿಯ ಗುಬುಟನ್ನು ತಿರುಗಿಸಿದರೆ ಒಂದಾದ ಮೇಲೊಂದು ಕಿಟಕಿಗೆ ಬರುತ್ತವೆ. ಯಾವ ಮುಖವೂ ಇನ್ನೊಂದರ ಕೆಳಗಿಲ್ಲ, ಎಲ್ಲವೂ ಪಕ್ಕಪಕ್ಕದಲ್ಲಿವೆ. ಆದಕಾರಣ ದಪ್ಪದ ಪ್ರಶ್ನೆಯೇ ಏಳುವುದಿಲ್ಲ. ಜಪಾನಿನ ಗುಡ್ ಸ್ಮೈಲ್ ಕಂಪೆನಿ ೨೦೦೬ರಿಂದ ಮಾಡುತ್ತಿರುವ ನೆಂಡೊರಾಯ್ಡ್ ಗೊಂಬೆಗಳ ದಾರಿ ಬೇರೆ. ಅವುಗಳ ಎತ್ತರ ಸುಮಾರು ಹತ್ತು ಸೆಂಟಿಮೀಟರ್, ಎಂದರೆ ಮೂರೂಮುಕ್ಕಾಲು ಅಂಗುಲದ ಗೊಂಬೆಯಷ್ಟೇ. ಆದರೆ ತಲೆ ಮೈಗೆ ಮೀರಿ ಬೆಳೆದ ದೊಡ್ಡ ತಲೆ. ಮುಂಗೂದಲನ್ನು ತೆಗೆದು ಮುಖದ ಫಲಕವನ್ನು ಬದಲಾಯಿಸಲು ಅಲ್ಲಿ ಬೇಕಾದಷ್ಟು ಎಡೆಯುಂಟು. ಪ್ರಮಾಣವನ್ನು ಬಹಿರಂಗವಾಗಿ ಬಿಟ್ಟುಕೊಟ್ಟು ಸೌಕರ್ಯವನ್ನು ಪಡೆದ ಪ್ರಾಮಾಣಿಕ ವಿಧಾನವಿದು. ಆದರೆ ಫಲಕವನ್ನು ತೆಗೆದಾಗ ಉಳಿಯುವುದು ಟೊಳ್ಳು. ಇಲ್ಲಿ ಮುಖಗಳು ಭಾವದ ಬದಲಾವಣೆಗೆಂದು ಇರುವವು, ಸತ್ಯವನ್ನು ತೋರಿಸುವುದಕ್ಕಲ್ಲ. ಚಲಚ್ಚಿತ್ರದ ಯಂತ್ರಪುರುಷನಿಗೆ ಇದು ಸಾಲದು.

ಹಣವುಳ್ಳ ಸಂಗ್ರಾಹಕರಿಗಾಗಿ ಮಾಡುವ ದೊಡ್ಡ ಗೊಂಬೆಗಳಲ್ಲಿ ಎರಡು ತಲೆಗಳನ್ನೇ ಕೊಟ್ಟುಬಿಡುವ ರೂಢಿಯೂ ಇದೆ: ಒಂದು ಅಖಂಡವಾದ ಮನುಷ್ಯಮುಖದ್ದು, ಇನ್ನೊಂದು ಚರ್ಮ ಹರಿದು ಲೋಹ ಕಾಣುವಂಥದು. ಕೆಲಸದ ನಯದಲ್ಲಿ ಇವಕ್ಕೆ ಎಣೆಯಿಲ್ಲ. ಆದರೂ ತಲೆಯನ್ನು ಕಿತ್ತು ಬೇರೆ ತಲೆಯನ್ನು ಸಿಕ್ಕಿಸಿದಾಗ ಮುಖ ಕಳಚಿತೆಂಬ ಘಟನೆಯೇ ನಡೆಯುವುದಿಲ್ಲ. ನಡುವೆ ಒಂದು ಕ್ಷಣ ಗೊಂಬೆ ರುಂಡವಿಲ್ಲದೆ ನಿಂತಿರುತ್ತದೆ. ಅಂಗಡಿಯವನಿಗೆ ಅದರಿಂದ ತೊಂದರೆಯಿಲ್ಲ. ಕಥೆಗೆ ಉಂಟು.

ಇನ್ನು ಕಣ್ಣು. ಕಣ್ಣನ್ನು ಮೇಲಿನ ಚಿಪ್ಪಿನಲ್ಲಿ ಬಣ್ಣದಿಂದ ಮುದ್ರಿಸಬೇಕೆ, ಅಥವಾ ಅಲ್ಲಿ ರಂಧ್ರವನ್ನು ಬಿಟ್ಟು ಒಳಗಿನ ತಲೆಯ ಕಣ್ಣೇ ಕಾಣುವಂತೆ ಮಾಡಬೇಕೆ? ಮುದ್ರಿಸಿದರೆ ಮುಖಕ್ಕೆ ಜೀವ ಬರುತ್ತದೆ, ಆದರೆ ಒಳಗಿನವನಿಗೂ ಹೊರಗಿನವನಿಗೂ ಸಂಬಂಧ ತಪ್ಪುತ್ತದೆ. ಗೌರಿಯ ಮುಖ ಈ ಬಗೆಯದು. ರಂಧ್ರವನ್ನು ಬಿಟ್ಟರೆ ಎರಡು ಮುಖಗಳಿಗೂ ಒಂದೇ ನೋಟ. ಮುಖ ತೆಗೆದ ಮೇಲೂ ಅದೇ ಕಣ್ಣು ನೋಡುತ್ತಿರುತ್ತದೆ. ಯಂತ್ರಪುರುಷನ ಗೊಂಬೆಗೆ ಎರಡನೆಯದೇ ತಕ್ಕದ್ದೆನ್ನಬೇಕು. ಹೊಲಿಗೆಯ ಗೆರೆಯ ಮಾತೂ ಅಷ್ಟೇ ಮುಖ್ಯ. ಚಿಪ್ಪು ತಲೆಗೆ ಕೂಡುವ ಅಂಚನ್ನು ಕೂದಲಿನ ಗಡಿಯಲ್ಲಿಯೂ ದವಡೆಯ ಕೆಳಗೂ ಅಡಗಿಸುವುದು ವಾಡಿಕೆ. ನಯವಾದ ವಿವರಗಳಿಗೆ ಮೆದುವಾದ ಪಿ.ವಿ.ಸಿ. ಒಳ್ಳೆಯದು, ಬಿಗಿಯಾಗಿ ಕೂಡುವುದಕ್ಕೆ ಗಡುಸಾದ ಎ.ಬಿ.ಎಸ್. ಒಳ್ಳೆಯದು. ಮೆದುವಾದುದು ಸೆಕೆಗೆ ಸೊಟ್ಟಗಾಗುತ್ತದೆ. ಮುಂಬಯಿಯ ಮೇ ತಿಂಗಳನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಚಿತ್ರದಲ್ಲಿ ಮುಖ ಒಂದು ಸಲ ಕಳಚಿದರೆ ಸಾಕು. ಗೊಂಬೆಯಲ್ಲಿ ಸಾವಿರ ಸಲ ಕಳಚಿ ಸಾವಿರ ಸಲ ಕೂಡಬೇಕು. ಗೂಟವೂ ಕುಳಿಯೂ ಸವೆಯುತ್ತವೆಂದು ಕೆಲವರು ಪುಟ್ಟ ಅಯಸ್ಕಾಂತಗಳನ್ನು ಹುದುಗಿಸುತ್ತಾರೆ. ಆದರೆ ಅವು ಕಳಚಿಬಂದು ಎಳೆಯ ಮಗುವಿನ ಹೊಟ್ಟೆ ಸೇರಿದರೆ ಪ್ರಾಣಾಪಾಯ.

ಚಲಚ್ಚಿತ್ರದ ಯಂತ್ರಮುಖದ ಪರಂಪರೆ ೧೯೨೭ರ ಜರ್ಮನ್ ಚಿತ್ರ 'ಮೆಟ್ರೊಪೊಲಿಸ್'ನಿಂದ ಮೊದಲಾಗುತ್ತದೆಂದು ಹೇಳುವುದು ರೂಢಿ. ವಾಲ್ಟರ್ ಶುಲ್ಟ್ಸೆ-ಮಿಟೆನ್‌ಡಾರ್ಫ್ ಎಂಬ ಶಿಲ್ಪಿ ನಟಿ ಬ್ರಿಗಿಟೆ ಹೆಲ್ಮಳ ಮೈಯ ಅಚ್ಚಿನ ಮೇಲೆ ರೂಪಿಸಿದ ಆ ಯಂತ್ರಸ್ತ್ರೀಯ ಲೋಹಮುಖ ಎಷ್ಟು ಪೂರ್ಣವಾಗಿದೆಯೆಂದರೆ, ಮುಂದೆ ಕಥೆಯಲ್ಲಿ ಅದಕ್ಕೆ ಮರಿಯಾಳ ಮುಖ ಬಂದಾಗ ಏನನ್ನೋ ಕಳೆದುಕೊಂಡಂತಾಗುತ್ತದೆ. ಕೆಳಗಿನ ಮುಖವನ್ನು ಮೊದಲು ಮಾಡಬೇಕೆಂಬ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ೧೯೮೪ರ 'ಟರ್ಮಿನೇಟರ್' ಚಿತ್ರದಲ್ಲಿ ಚರ್ಮ ಒಂದೇ ಸಲಕ್ಕೆ ಕಳಚುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಹರಿದು, ಸುಟ್ಟು, ಕೊನೆಗೆ ಲೋಹದ ಅಸ್ಥಿಪಂಜರವೊಂದೇ ಉಳಿಯುತ್ತದೆ. ಅದರ ಎರಡನೆಯ ಭಾಗ ೧೯೯೧ರಲ್ಲಿ ಬಂದಾಗ ಕೆನ್ನರ್ ಎಂಬ ಆಟಿಕೆಯ ಸಂಸ್ಥೆ ಆ ಚಿತ್ರದ ಗೊಂಬೆಗಳ ಜೊತೆಗೆ ಒಂದು ವಿಚಿತ್ರವಾದ ಉಪಕರಣವನ್ನೂ ಮಾರಿತು. ಅಸ್ಥಿಪಂಜರದ ಗೊಂಬೆಯನ್ನು ಅಚ್ಚಿನಲ್ಲಿಟ್ಟು ಮೆದುವಾದ ಪದಾರ್ಥವನ್ನು ತುಂಬಿದರೆ ಮೈಯೂ ಮುಖವೂ ಅದರ ಸುತ್ತ ಹೆಪ್ಪುಗಟ್ಟುತ್ತಿದ್ದವು. ಮಗು ಅದನ್ನು ಸುಲಿದು ಹಾಕಬಹುದು, ಮತ್ತೆ ಎರೆಯಬಹುದು. ಸುಲಿಯುವ ಈ ಆಟ ಕ್ರೂರವೆಂದು ತಾಯಂದಿರು ಹೇಳಿದರೆ ಅಲ್ಲಗಳೆಯುವಂತಿಲ್ಲ. ಆದರೆ ಕೆಳಗಿನದು ಮೊದಲು, ಮೇಲಿನದು ಅನಂತರ ಎಂಬ ಕ್ರಮವನ್ನು ಮಗುವಿನ ಕೈಗೇ ಕೊಟ್ಟ ಆಟಿಕೆಯದು. ೧೯೮೭ರ 'ರೋಬೊಕಾಪ್' ಇದನ್ನು ತಲೆಕೆಳಗು ಮಾಡಿತು: ಅಲ್ಲಿ ಮೇಲಿನದು ಉಕ್ಕಿನ ಶಿರಸ್ತ್ರಾಣ, ತೆಗೆದರೆ ಕೆಳಗೆ ಲೋಹದ ಮೇಲೆ ಬಿಗಿದ ಮನುಷ್ಯನ ಮುಖ, ತನ್ನ ಹೆಸರನ್ನು ನೆನೆಯಲು ಯತ್ನಿಸುವ ಮುಖ.

ಭಾರತದ ಚಿತ್ರಗಳಿಗೆ ಬಂದಾಗ ಒಂದು ಹೊಸ ತೊಡಕು ಎದುರಾಗುತ್ತದೆ. ಇಲ್ಲಿ ಯಂತ್ರಪುರುಷನ ಮುಖ ಯಂತ್ರಪುರುಷನದಲ್ಲ, ನಾಯಕನಟನದು. ಅದಕ್ಕಾಗಿಯೇ ಜನ ಹಣ ತೆತ್ತಿರುತ್ತಾರೆ. ಅದನ್ನು ಕಳಚುವ ಧೈರ್ಯ ಯಾರಿಗಿದೆ? ಶಂಕರ್ ನಿರ್ದೇಶಿಸಿದ, ೨೦೧೦ರ ಅಕ್ಟೋಬರಿನಲ್ಲಿ ತಮಿಳಿನಲ್ಲಿ 'ಎಂದಿರನ್' ಎಂದೂ ಹಿಂದಿಯಲ್ಲಿ 'ರೋಬೋಟ್' ಎಂದೂ ಬಂದ ಚಿತ್ರಕ್ಕೆ ಆ ಧೈರ್ಯ ತಕ್ಕಮಟ್ಟಿಗೆ ಇತ್ತು. ಬೆಂಗಳೂರಿನಲ್ಲಿ ಬಸ್ಸಿನ ಕಂಡಕ್ಟರರಾಗಿದ್ದು ಮುಂದೆ ಮಹಾನಟರಾದ ರಜನೀಕಾಂತರು ಅದರಲ್ಲಿ ವಿಜ್ಞಾನಿಯೂ ಹೌದು, ಅವನು ತನ್ನದೇ ರೂಪಿನಲ್ಲಿ ನಿರ್ಮಿಸಿದ ಚಿಟ್ಟಿಯೂ ಹೌದು. ಅಮೆರಿಕದ ಲೆಗಸಿ ಎಫೆಕ್ಟ್ಸ್ ಸಂಸ್ಥೆ ಚಿಟ್ಟಿಯ ಯಾಂತ್ರಿಕ ಮೂರ್ತಿಗಳನ್ನು ಮಾಡಿಕೊಟ್ಟಿತು. ಪ್ರೇಕ್ಷಕನು ಚಿಟ್ಟಿಯನ್ನು ಮೊದಲು ಕಾಣುವುದು ಚರ್ಮವಿಲ್ಲದ ಲೋಹರೂಪದಲ್ಲಿ, ನಟನ ಮುಖ ಬರುವುದು ಆಮೇಲೆ. ಕೊನೆಯಲ್ಲಿ ಚಿಟ್ಟಿ ಬೀಳ್ಕೊಡುಗೆಯ ಮಾತಾಡುತ್ತ ತನ್ನನ್ನು ತಾನೇ ಬಿಡಿಬಿಡಿಯಾಗಿ ಕಳಚಿಕೊಳ್ಳುತ್ತಾನೆ. ವಸ್ತುಸಂಗ್ರಹಾಲಯದಲ್ಲಿ ಬಿಡಿಭಾಗಗಳಾಗಿ ನಿಂತು ಶಾಲೆಯ ಮಗುವಿನ ಪ್ರಶ್ನೆಗೆ ಉತ್ತರಿಸುತ್ತಾನೆ. ಚಿತ್ರದ ಉಳಿದ ಅಬ್ಬರವನ್ನು ಮರೆತವರಿಗೂ ಈ ಭಾಗ ಮರೆಯುವುದಿಲ್ಲ. ಕಾರಣವಿಷ್ಟೇ: ಕಳಚಿದ ಮೇಲೆ ಉಳಿಯುವ ಚಿಟ್ಟಿಯ ಪರಿಚಯ ಪ್ರೇಕ್ಷಕನಿಗೆ ಮೊದಲೇ ಆಗಿರುತ್ತದೆ.

ಮುಂಬಯಿಯ ಚಿತ್ರೋದ್ಯಮದ ಪ್ರಯತ್ನವೆಂದರೆ ೨೦೧೧ರ ಅಕ್ಟೋಬರ್ ೨೬ರಂದು, ದೀಪಾವಳಿಗೆ, ಬಿಡುಗಡೆಯಾದ 'ರಾ.ವನ್'. ಅನುಭವ್ ಸಿನ್ಹಾ ಅದರ ನಿರ್ದೇಶಕರು, ಶಾರುಖ್ ಖಾನ್ ನಾಯಕರು. ಗಣಕಯಂತ್ರದ ಆಟವೊಂದರಿಂದ ಹೊರಬಂದ ಎರಡು ವ್ಯಕ್ತಿಗಳು ಅದರಲ್ಲಿ ಕಾದಾಡುತ್ತವೆ. ಜಿ.ವನ್ ಎಂಬ ಒಳ್ಳೆಯವನಿಗೆ ಅವನ ನಿರ್ಮಾಪಕನ ಮುಖ, ಎಂದರೆ ನಾಯಕನ ಮುಖ. ರಾ.ವನ್ ಎಂಬ ಕೆಟ್ಟವನಿಗೆ ತನ್ನದೆಂಬ ಮುಖವಿಲ್ಲ. ಕಂಡವರ ಮುಖವನ್ನು ತಾಳುತ್ತ ಹೋಗುತ್ತಾನೆ. ಮೊದಲು ನಿರ್ಮಾಪಕನ ಸಹೋದ್ಯೋಗಿ ಅಕಾಶಿಯ ಮುಖ. ಮುಂಬಯಿಗೆ ಬಂದ ಮೇಲೆ ಜಾಹೀರಾತಿನ ಫಲಕದಲ್ಲಿ ಕಂಡ ಒಬ್ಬ ರೂಪದರ್ಶಿಯ ಮುಖ. ಈ ಎರಡನೆಯದು ನಿಜಕ್ಕೂ ಜಾಣ ಕಲ್ಪನೆ. ರಸ್ತೆಯ ಇಕ್ಕೆಲದಲ್ಲೂ ಆಳೆತ್ತರದ ಮುಖಗಳನ್ನು ತೂಗುಹಾಕಿದ ಈ ನಗರಕ್ಕೆ ಬಂದ ಮುಖವಿಲ್ಲದವನು ಬೇರೆಲ್ಲಿಂದ ಮುಖವನ್ನು ಪಡೆದಾನು? ಮುಂದೆ ಅವನು ಸೋನಿಯಾಳ ರೂಪವನ್ನು ತಾಳಿ, ನಿಜವಾದ ಸೋನಿಯಾಳನ್ನು ತಡೆತಪ್ಪಿದ ಲೋಕಲ್ ಗಾಡಿಯಲ್ಲಿ ಸಿಕ್ಕಿಸುತ್ತಾನೆ. ಗಾಡಿ ಛತ್ರಪತಿ ಶಿವಾಜಿ ಟರ್ಮಿನಸ್ಸಿನೊಳಕ್ಕೆ ನುಗ್ಗುತ್ತದೆ. ದಿನವೂ ಆ ನಿಲ್ದಾಣದಲ್ಲಿ ಇಳಿಯುವ ಜನಕ್ಕೆ ದೃಶ್ಯ ರೋಮಾಂಚಕಾರಿಯಾಗಿದ್ದರೆ ಆಶ್ಚರ್ಯವಿಲ್ಲ.

ಆದರೂ ಈ ರಾ.ವನ್ನನನ್ನು ಗೊಂಬೆಯಾಗಿ ಮಾಡಹೊರಡುವ ಶಿಲ್ಪಿಯ ಪಾಡನ್ನು ಯೋಚಿಸಬೇಕು. ಮುಖಗಳೇನೋ ನಾಲ್ಕಾರು ಸಿಕ್ಕುತ್ತವೆ. ಅವನ್ನೆಲ್ಲ ಕಳಚಿಟ್ಟ ಮೇಲೆ ತಲೆಯ ಮೇಲೆ ಏನನ್ನು ಕಡೆಯಬೇಕು? ಚಿತ್ರ ಅದಕ್ಕೆ ಉತ್ತರವನ್ನು ಕೊಡುವುದಿಲ್ಲ. ಮುಖವಿಲ್ಲದಿರುವುದು ಎಂಬುದೂ ಒಂದು ರೂಪ. ಲಿಂಗವನ್ನು ಕಡೆದ ದೇಶಕ್ಕೆ ಇದು ಹೊಸ ಮಾತಲ್ಲ. ಆ ರೂಪವನ್ನು ಚಿತ್ರ ಗಟ್ಟಿಯಾಗಿ ಕಲ್ಪಿಸಿಕೊಂಡಿದ್ದರೆ ಪ್ರತಿಯೊಂದು ಮುಖವೂ ಅದರ ಮೇಲಿನ ಆಕ್ರಮಣವಾಗಿ ತೋರುತ್ತಿತ್ತು. ಈಗ ಒಬ್ಬ ನಟ ಹೋಗಿ ಇನ್ನೊಬ್ಬ ನಟ ಬಂದಂತೆ ಮಾತ್ರ ತೋರುತ್ತದೆ. ಹೆಸರಿನಲ್ಲಿಯೇ ರಾವಣನನ್ನು ಹೊತ್ತವನು ಕೊನೆಯ ಕಾಳಗದಲ್ಲಿ ಹತ್ತಾಗಿ ಒಡೆಯುತ್ತಾನೆ. ನಿಜವಾದವನಿಗೆ ಮಾತ್ರ ನೆರಳುಂಟೆಂಬ ಸುಳಿವಿನಿಂದ ಅವನನ್ನು ಗುರುತಿಸುತ್ತಾರೆ. ನೆರಳಿನ ಯುಕ್ತಿ ಚೆನ್ನಾಗಿದೆ. ಆದರೆ ಆ ಹತ್ತಕ್ಕೂ ಅರ್ಜುನ್ ರಾಂಪಾಲರ ಒಂದೇ ಮುಖ! ಕಥೆಯುದ್ದಕ್ಕೂ ಕದ್ದ ಮುಖಗಳು ಇಲ್ಲಿ ಒಟ್ಟಾಗಿ ಮರಳಿ ಬರಬೇಕಾಗಿತ್ತು. ದಶಕಂಠನ ಹತ್ತು ತಲೆಗಳನ್ನು ಬಾಲ್ಯದಿಂದ ಕಂಡವರ ಕಲ್ಪನೆ ಅಚ್ಚೊತ್ತಿದ ಹತ್ತು ಪ್ರತಿಗಳಿಗೆ ತೃಪ್ತಿಪಡಲಾರದು. ಇತ್ತ ಜಿ.ವನ್ನನ ವಿಷಯದಲ್ಲಿ ಎಚ್ಚರಿಕೆ ಅತಿಯಾಯಿತು. ಮೈಯನ್ನೆಲ್ಲ ನೀಲಿಯ ಕವಚ ಮುಚ್ಚಿದೆ, ಮುಖ ಮಾತ್ರ ನಟನದಾಗಿಯೇ ಉಳಿದಿದೆ. ಅದನ್ನು ಗೊಂಬೆ ಮಾಡಿದರೆ ಶಾರುಖ್ ಖಾನರ ಗೊಂಬೆಯಾಗುತ್ತದೆಯೇ ಹೊರತು ಯಂತ್ರಪುರುಷನ ಗೊಂಬೆಯಾಗುವುದಿಲ್ಲ.

ಹೊಲಿಗೆಯ ಗೆರೆಯನ್ನು ಅಡಗಿಸಬೇಕೆ ತೋರಿಸಬೇಕೆ ಎಂಬ ಪ್ರಶ್ನೆ ಇಲ್ಲಿ ಮತ್ತೆ ಬರುತ್ತದೆ, ಹೆಚ್ಚಿನ ತೂಕದೊಡನೆ. ೨೦೧೭ರ ಡಿಸೆಂಬರ್ ಕೊನೆಯಲ್ಲಿ ಪೊವಾಯಿಯ ಐ.ಐ.ಟಿ.ಯ ಟೆಕ್‌ಫೆಸ್ಟಿಗೆ ಹ್ಯಾನ್ಸನ್ ರೋಬೊಟಿಕ್ಸ್ ಸಂಸ್ಥೆಯ ಸೋಫಿಯಾ ಎಂಬ ಯಂತ್ರಸ್ತ್ರೀ ಸೀರೆಯುಟ್ಟು ಬಂದಿತ್ತು. ಮುಂದಿನಿಂದ ಮೃದುವಾದ ಮಾನವಮುಖ. ಹಿಂದೆ ಪಾರದರ್ಶಕವಾದ ಬುರುಡೆ, ಅದರೊಳಗೆ ಯಂತ್ರಭಾಗಗಳು. ಕೂದಲಿನಿಂದ ಅದನ್ನು ಮುಚ್ಚುವುದು ಸುಲಭವಾಗಿತ್ತು; ಆದರೂ ಬಿಟ್ಟಿದ್ದರು. ಎದುರಿಗಿರುವುದು ಏನೆಂಬುದರಲ್ಲಿ ಸಭೆಯಲ್ಲಿದ್ದ ಯಾರಿಗೂ ಭ್ರಮೆಯಿರಲು ಎಡೆಯಿರಲಿಲ್ಲ. ಅದೇ ಪೊವಾಯಿಯ ಕೇಂದ್ರೀಯ ವಿದ್ಯಾಲಯದ ಉಪಾಧ್ಯಾಯರೊಬ್ಬರು 'ರೋಬೋಟ್' ಚಿತ್ರದಿಂದ ಪ್ರೇರಿತರಾಗಿ ರಟ್ಟು, ಮರ, ಪ್ಲಾಸ್ಟಿಕ್ಕಿನಂಥ ಬಿಸಾಡಿದ ವಸ್ತುಗಳಿಂದ ಶಾಲೂ ಎಂಬ ಮಾತನಾಡುವ ಯಂತ್ರಸ್ತ್ರೀಯನ್ನು ಕಟ್ಟಿದ್ದು ೨೦೨೧ರಲ್ಲಿ ಸುದ್ದಿಯಾಯಿತು. ಇದಕ್ಕೆ ವಿರುದ್ಧವಾಗಿ, ೨೦೨೪ರ ಫೆಬ್ರವರಿಯಲ್ಲಿ ಬಂದ 'ತೇರಿ ಬಾತೋಂ ಮೇಂ ಐಸಾ ಉಲ್ಝಾ ಜಿಯಾ' ಎಂಬ ಹಿಂದಿ ಚಿತ್ರದ ಸಿಫ್ರಾಳಲ್ಲಿ ಗೆರೆಯೇ ಇಲ್ಲ. ಕೃತಿ ಸನೋನ್ ಅಭಿನಯಿಸಿದ ಈ ಯಂತ್ರಸ್ತ್ರೀಯನ್ನು ಸೊಸೆಯಾಗಿ ಮನೆಗೆ ತಂದಾಗ ಮನೆಯವರಿಗೆ ಅವಳು ಯಂತ್ರವೆಂಬುದು ತಿಳಿಯದು. ಚಿತ್ರದ ನಗೆಯೆಲ್ಲ ಈ ಅಜ್ಞಾನದ ಮೇಲೆ ನಿಂತಿದೆ. ವರಮಹಾಲಕ್ಷ್ಮಿಯ ಮುಖದ ಹಿಂದೆ ತೆಂಗಿನಕಾಯಿಯಿದೆಯೆಂದು ಮಗುವಿಗೂ ತಿಳಿದಿರುವ ಮನೆಯಲ್ಲಿ, ಊಟದ ಎಲೆಯ ಮುಂದೆ ಕುಳಿತ ಸೊಸೆಯ ಮುಖದ ಹಿಂದೆ ಏನಿದೆಯೆಂಬುದು ಅತ್ತೆಗೆ ತಿಳಿಯದಿರು‌ವುದು ನಗುವ ಸಂಗತಿಯೆ? ಚಿತ್ರ ಆ ಪ್ರಶ್ನೆಯ ಬಾಗಿಲವರೆಗೆ ಬಂದು ಹಾಡಿಗೆ ತಿರುಗುತ್ತದೆ.

ಗೊಂಬೆಯನ್ನು ಮಾಡುವವರು ಈ ಚಿತ್ರಗಳಿಗಿಂತ ಒಂದು ವಿಷಯದಲ್ಲಿ ಅದೃಷ್ಟವಂತರು. ಎಷ್ಟು ನಯವಾಗಿ ಅಡಗಿಸಿದರೂ ಅವರ ಹೊಲಿಗೆಯ ಗೆರೆ ಬೆರಳಿಗೆ ಸಿಕ್ಕಿಯೇ ಸಿಕ್ಕುತ್ತದೆ, ಮಗು ಅದನ್ನು ಹುಡುಕಿಯೇ ಹುಡುಕುತ್ತದೆ. ಆದುದರಿಂದ ಗೆರೆಯನ್ನು ಅಳಿಸಲು ಪಡುವ ಶ್ರಮದಲ್ಲಿ ಅರ್ಧವನ್ನು ಒಳಗಿನ ಮುಖಕ್ಕೆ ವ್ಯಯಿಸಿದರೆ ಗೊಂಬೆಯ ಆಯುಸ್ಸು ಹೆಚ್ಚುತ್ತದೆ. ಇದರಲ್ಲಿ ವ್ಯವಹಾರದ ಮಾತೂ ಇದೆ. ಗೌರಿಯ ಮುಖವನ್ನು ಮೂರನೆಯ ದಿನ ಬಿಚ್ಚಿ, ಒರಸಿ, ವಸ್ತ್ರದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತಾರೆ. ಅದು ಅತ್ತೆಯಿಂದ ಸೊಸೆಗೆ ಬರುತ್ತದೆ. ಗೊಂಬೆಯ ಮುಖಕ್ಕೆ ಅಂಥ ಪೆಟ್ಟಿಗೆಯಿಲ್ಲ. ಹೆಬ್ಬೆರಳಿನ ಉಗುರಿನಷ್ಟಿರುವ ಆ ಚಿಪ್ಪು ಕೊಂಡ ತಿಂಗಳಲ್ಲೇ ಮಂಚದ ಕೆಳಗೋ, ಕಿಟಕಿಯ ಹೊರಗೋ, ಕಸದ ಬುಟ್ಟಿಗೋ ಹೋಗಿರುತ್ತದೆ. ಮುಖವೊಂದನ್ನೇ ಬೇರೆಯಾಗಿ ಅಂಗಡಿಯಲ್ಲಿ ಕೊಳ್ಳಲು ಸಾಮಾನ್ಯವಾಗಿ ಸಿಕ್ಕುವುದಿಲ್ಲ. ಆಮೇಲೆ ಮಗುವಿನ ಕೈಯಲ್ಲಿ ವರ್ಷಗಟ್ಟಲೆ ಉಳಿಯುವುದು ಶಿಲ್ಪಿ ಒಳಗೆ ಕಡೆದಿಟ್ಟ ಮುಖ, ಅವನು ಅದನ್ನು ಕಡೆದಿದ್ದರೆ.